ಆರಿಂಚು ಎತ್ತರಿಸಿದ ವ್ಯಾನು

"ಬುದ್ಧಿ, ದುಃಖ ನನಗೆ ತಾಗದಷ್ಟು ಎತ್ತರಕ್ಕೆ ಏರುವುದು ಹೇಗೆ?" ಎಂದು ಮುರಿಗೆಯ್ಯ ಗುರುಗಳನ್ನು ಕೇಳಿದ.

ಅವನು ಮಠದಲ್ಲಿ ಹನ್ನೊಂದು ವರ್ಷ ಓದಿದವನು. ಆ ವರ್ಷ ಗುರುಗಳು ಅವನಿಗೆ ಒಂದು ಕೆಲಸ ಒಪ್ಪಿಸಿದ್ದರು. ಸುತ್ತಲಿನ ಊರುಗಳಲ್ಲಿ ಯಾರ ಮನೆಯಲ್ಲಿ ಸಾವಾದರೂ, ಯಾರು ಹಾಸಿಗೆ ಹಿಡಿದರೂ ಅವನು ಹೋಗಿ ಅವರ ಜೊತೆ ಕೂತು ಬರಬೇಕು. ಹಿಂದಿನ ವಾರ ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳ ಮುಂದೆ ಅವನಿಗೇ ಅಳು ಬಂದಿತ್ತು. ಹೇಳಬೇಕೆಂದುಕೊಂಡು ಹೋಗಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಮಠಕ್ಕೆ ಮರಳಿದ ಮೇಲೂ ಎರಡು ದಿನ ಊಟ ಸೇರಲಿಲ್ಲ.

"ನಾನೇ ಕುಸಿದರೆ ಅವರನ್ನು ಎತ್ತುವವರು ಯಾರು? ನನಗೆ ಏನೂ ತಾಗಬಾರದು" ಎಂದ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡರು. "ಓಬಯ್ಯ ಎಂಬ ಡ್ರೈವರ್ ಇದ್ದಾನೆ. ಅವನ ಸಂಗತಿ ಹೇಳುತ್ತೇನೆ, ಕೇಳು" ಎಂದು ಆರಂಭಿಸಿದರು.

ಓಬಯ್ಯನ ಹತ್ತಿರ ಒಂದು ಭಾರಿ ವ್ಯಾನಿದೆ. ಮೂತ್ರಪಿಂಡ ಕೆಟ್ಟವರನ್ನು ವಾರಕ್ಕೆ ಎರಡು ಸಲ ಪೇಟೆಯ ಆಸ್ಪತ್ರೆಗೆ ಕರೆದೊಯ್ಯುವುದು, ಡಯಾಲಿಸಿಸ್ ಮುಗಿದ ಮೇಲೆ ಮನೆಗೆ ತಂದು ಬಿಡುವುದು ಅವನ ಕೆಲಸ. ಆಗ ಒಂಬತ್ತು ಜನ ಬರುತ್ತಿದ್ದರು. ಗಾಡಿಯೊಳಗೆ ಮಲಗಲು ಎರಡು ಹಲಗೆ, ಆಮ್ಲಜನಕದ ಸಿಲಿಂಡರು, ಗಾಲಿ ಕುರ್ಚಿ, ಎದುರುಬದುರು ಬೆಂಚು. ಎಲ್ಲರೂ ಹತ್ತಿ ಕೂತರೆ ಗಾಡಿಯ ತಳ ನೆಲಕ್ಕೆ ಹತ್ತಿರವಾಗುತ್ತಿತ್ತು.

ಡಾಂಬರು ರಸ್ತೆಯ ಊರುಗಳಲ್ಲಿ ತೊಂದರೆಯಿರಲಿಲ್ಲ. ಕರೇಗುಡ್ಡದ ಹಟ್ಟಿಗೆ ಮಾತ್ರ ವ್ಯಾನು ಹೋಗುತ್ತಿರಲಿಲ್ಲ. ಆ ದಾರಿ ಒಂದು ಹಳ್ಳವನ್ನು ದಾಟಬೇಕು. ಹಳ್ಳದ ನಡುವೆ ಅಡ್ಡಲಾಗಿ ಒಂದು ಬಂಡೆ ಎದ್ದು ನಿಂತಿತ್ತು. ಓಬಯ್ಯ ಎರಡು ಸಲ ಪ್ರಯತ್ನಿಸಿ ನೋಡಿದ್ದ. ಮೊದಲ ಸಲ ಸೈಲೆನ್ಸರ್ ಕಿತ್ತು ಬಂತು. ಎರಡನೆಯ ಸಲ ತಳ ಒಡೆದು ಎಂಜಿನ್ ಆಯಿಲೆಲ್ಲ ಹಳ್ಳಕ್ಕೆ ಸೋರಿತು. ಆಮೇಲೆ ಅವನು ರಸ್ತೆಯಲ್ಲೇ ನಿಲ್ಲುತ್ತಿದ್ದ. ಹಟ್ಟಿಯ ಇಬ್ಬರು ರೋಗಿಗಳನ್ನು, ಗಾದ್ರಪ್ಪನನ್ನೂ ತಿಪ್ಪಜ್ಜಿಯನ್ನೂ, ಮಂಚದ ಮೇಲೆ ಹೊತ್ತು ತರುತ್ತಿದ್ದರು.

ಮಳೆಗಾಲದ ಒಂದು ಬೆಳಿಗ್ಗೆ ಮಂಚ ಹೊತ್ತವರ ಕಾಲು ಹಳ್ಳದ ಪಾಚಿಯ ಮೇಲೆ ಜಾರಿತು. ಗಾದ್ರಪ್ಪ ಕೆಳಗೆ ಬಿದ್ದ. ಸೊಂಟದ ಮೂಳೆ ಮುರಿಯಿತು. ಎಂಟನೆಯ ದಿನ ತೀರಿಕೊಂಡ. ಅವನು ಬಿದ್ದಾಗ ಓಬಯ್ಯ ವ್ಯಾನಿನ ಬಾಗಿಲು ತೆರೆದು ರಸ್ತೆಯಲ್ಲಿ ಕಾಯುತ್ತಿದ್ದ. ಕೂಗು ಅವನಿಗೆ ಕೇಳಿಸಿತ್ತು.

ಮಣ್ಣು ಮಾಡಿ ಬಂದ ಮರುದಿನ ಓಬಯ್ಯ ಒಂದು ಕೋಲು ಹಿಡಿದು ಹಳ್ಳಕ್ಕೆ ಇಳಿದ. ಬಂಡೆಯ ಪಕ್ಕ ಕೋಲು ನಿಲ್ಲಿಸಿ, ಅದರ ಎತ್ತರಕ್ಕೆ ಚಾಕುವಿನಿಂದ ಗುರುತು ಮಾಡಿದ. ನೇರವಾಗಿ ಬುಡನ್ ಸಾಬರ ಗ್ಯಾರೇಜಿಗೆ ಹೋದ.

ಸಾಬರು ಕೋಲನ್ನು ವ್ಯಾನಿನ ತಳಕ್ಕೆ ಹಿಡಿದು ನೋಡಿದರು. "ಎರಡು ದಾರಿ ಇದೆ ಓಬಯ್ಯ. ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಹಾಕಿ, ಟೈರು ಒಂದು ಸೈಜು ದೊಡ್ಡದು ಮಾಡಿದರೆ ಎರಡಿಂಚು ಏಳುತ್ತೆ. ಗಾಡಿ ಹದವಾಗಿ ಓಡುತ್ತೆ. ಆದರೆ ಈ ಬಂಡೆ ದಾಟಲ್ಲ, ಸಣ್ಣ ಕಲ್ಲುಗಳೂ ಆಗಾಗ ತಾಗ್ತವೆ."

"ಇನ್ನೊಂದು ದಾರಿ?"

"ಸ್ಪ್ರಿಂಗ್ ಸೆಟ್ಟನ್ನೇ ಬದಲಾಯಿಸಿ, ಚಕ್ರದ ಮೇಲಿನ ತಗಡು ಕತ್ತರಿಸಿ, ಲಾರಿಗೆ ಹಾಕುವಂಥ ಟೈರು ಹಾಕೋದು. ಆರಿಂಚು ಏಳುತ್ತೆ. ಏನೂ ತಾಗಲ್ಲ. ಆದರೆ ತಿರುವಿನಲ್ಲಿ ವಾಲುತ್ತೆ, ಬ್ರೇಕು ಹಿಡಿಯೋಕೆ ಹೊತ್ತು ಬೇಕು. ಒಳಗೆ ಕೂರೋರು ಯಾರು ಅಂತ ಒಂದು ಸಲ ಯೋಚನೆ ಮಾಡು."

"ತಾಗಬಾರದು ಸಾಬ್ರೇ. ಒಂದು ಕಲ್ಲೂ ತಾಗಬಾರದು."

ಸಾಬರು ಅವನ ಮುಖ ನೋಡಿದರು. ಗಾದ್ರಪ್ಪನ ಸುದ್ದಿ ಅವರಿಗೂ ಗೊತ್ತಿತ್ತು. ಕೆಲಸಕ್ಕೆ ಇಳಿದರು.

ಐದನೆಯ ದಿನ ವ್ಯಾನು ಹಳ್ಳ ದಾಟಿತು. ಬಂಡೆ ತಳಕ್ಕೆ ಸೋಕಲೂ ಇಲ್ಲ. ಹಟ್ಟಿಯವರು ಓಡಿ ಬಂದು ಗಾಡಿಯ ಸುತ್ತ ನಿಂತರು. ಓಬಯ್ಯನ ಕಣ್ಣು ತುಂಬಿ ಬಂತು. ತಿಪ್ಪಜ್ಜಿ ಸೊಸೆಯ ಕೈ ಹಿಡಿದು ನಿಧಾನವಾಗಿ ನಡೆದು ಬಂದು ಬಾಗಿಲ ಮುಂದೆ ನಿಂತಳು. ಮೆಟ್ಟಿಲು ಅವಳ ತೊಡೆಯ ಮಟ್ಟಕ್ಕಿತ್ತು.

ಅವಳು ಕಾಲೆತ್ತಿದಳು. ಆಗಲಿಲ್ಲ. ಇನ್ನೊಂದು ಕಾಲು ಎತ್ತಿದಳು. ಅದೂ ಆಗಲಿಲ್ಲ. ಓಬಯ್ಯ ಒಂದು ಕಡೆ, ಸೊಸೆ ಒಂದು ಕಡೆ ಹಿಡಿದು ಎತ್ತಿ ಒಳಗೆ ಕೂರಿಸಿದರು. ಅಷ್ಟು ಜನರ ಎದುರಿಗೆ ಸೆರಗು ಜಾರಿತು. ಅಜ್ಜಿ ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿ ಕೂತಳು.

ಉಳಿದವರ ಪಾಡೂ ಅದೇ ಆಯಿತು. ಡಯಾಲಿಸಿಸ್ ಮುಗಿಸಿ ತಲೆ ಸುತ್ತುತ್ತಿದ್ದವರು ಪ್ರತಿ ತಿರುವಿನಲ್ಲೂ ಒಬ್ಬರ ಮೇಲೊಬ್ಬರು ವಾಲಿದರು. ಇಬ್ಬರಿಗೆ ವಾಂತಿಯಾಯಿತು. ಓಬಯ್ಯ ಒಂದು ಮರದ ಸ್ಟೂಲು ತಂದಿಟ್ಟ. ಕಲ್ಲುನೆಲದಲ್ಲಿ ಅದು ಅಲ್ಲಾಡಿತು. ಕಾಲು ಊದಿದವರು ಅದರ ಮೇಲೆ ನಿಲ್ಲಲು ಹೆದರಿದರು. ಕೆಳಕ್ಕೆ ಇನ್ನೊಂದು ಮೆಟ್ಟಿಲು ಬೆಸೆದರೆ ಅದೇ ಹೋಗಿ ಬಂಡೆಗೆ ಬಡಿಯುತ್ತಿತ್ತು.

ಮೂರನೆಯ ವಾರ ವ್ಯಾನು ಹಟ್ಟಿಯಲ್ಲಿ ನಿಂತಾಗ ತಿಪ್ಪಜ್ಜಿ ಕಾಣಲಿಲ್ಲ. ಓಬಯ್ಯ ಮನೆಗೇ ಹೋದ. ಅವಳು ಗೋಡೆಗೆ ಒರಗಿ ಕೂತಿದ್ದಳು.

"ಹೊತ್ತಾಯ್ತು ಅಜ್ಜಿ, ಏಳು."

"ನಾನು ಬರಲ್ಲ ಕಣಪ್ಪ. ವಾರಕ್ಕೆ ಎಂಟು ಸಲ ಎತ್ತಿ ಇಳಿಸೋಕೆ ನಾನೇನು ಮೂಟೆಯಾ? ಇಲ್ಲೇ ಇದ್ದಷ್ಟು ದಿನ ಇರ್ತೀನಿ."

"ಗಾದ್ರಪ್ಪಣ್ಣಂಗೆ ಆದದ್ದು ನಿನಗೆ ಆಗಬಾರದು ಅಂತ ತಾನೇ ಇಷ್ಟೆಲ್ಲ ಮಾಡಿಸಿದ್ದು?"

"ಗೊತ್ತು ಮಗಾ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಕಾಲು ಏಳೋದೇ ಇಷ್ಟು" ಎಂದು ಅಜ್ಜಿ ಕೂತಲ್ಲಿಂದ ಎದ್ದು, ಗೋಡೆ ಹಿಡಿದು, ಊದಿದ ಪಾದವನ್ನು ನೆಲದಿಂದ ಒಂದು ಗೇಣು ಎತ್ತಿ ತೋರಿಸಿದಳು.

ಓಬಯ್ಯ ಅವಳ ಕಾಲಿನ ಬಳಿ ಕುಕ್ಕರಿಸಿದ. "ಇವತ್ತೊಂದು ದಿನ ಬಾ ಅಜ್ಜಿ. ನಾಳೆಗೆ ಏನಾದರೂ ಮಾಡ್ತೀನಿ" ಎಂದು ಬೇಡಿಕೊಂಡ. ಯಾರಿಗೂ ಕಾಣದಂತೆ ಸೊಸೆ ವ್ಯಾನಿನ ಬಾಗಿಲಿಗೆ ಕಂಬಳಿ ಅಡ್ಡ ಹಿಡಿದಳು. ಓಬಯ್ಯ ಅಜ್ಜಿಯನ್ನು ಎತ್ತಿ ಕೂರಿಸಿದ.

ಎಲ್ಲರನ್ನೂ ಮನೆಗೆ ಬಿಟ್ಟು ಓಬಯ್ಯ ಗ್ಯಾರೇಜಿಗೆ ಹೋದ. "ಇಳಿಸಿಬಿಡಿ ಸಾಬ್ರೇ. ಎರಡಿಂಚು ಸಾಕು" ಎಂದ. ನಾನು ಮೊದಲೇ ಹೇಳಿರಲಿಲ್ಲವೇ ಎಂದು ಸಾಬರು ಕೇಳಲಿಲ್ಲ. ಮರುದಿನವಿಡೀ ಇಬ್ಬರೂ ಕೂಡಿ ಕೆಲಸ ಮಾಡಿದರು. ಎತ್ತರದ ಸ್ಪ್ರಿಂಗ್ ಬಿಚ್ಚಿ, ಹಳೆಯ ಸೆಟ್ಟಿಗೆ ಒಂದೊಂದು ಪಟ್ಟಿ ಸೇರಿಸಿದರು. ಟೈರು ಒಂದು ಸೈಜು ಮಾತ್ರ ದೊಡ್ಡದು ಹಾಕಿದರು.

ಆದರೆ ಬಂಡೆ ಇದ್ದಲ್ಲೇ ಇತ್ತು. ಬಿಡುವಿನ ದಿನ ಓಬಯ್ಯ ಸುತ್ತಿಗೆ, ಉಳಿ, ಹಾರೆ ಹಿಡಿದು ಒಬ್ಬನೇ ಹಳ್ಳಕ್ಕೆ ಇಳಿದ. ಬಿಸಿಲೇರುವವರೆಗೆ ಒಬ್ಬನೇ ಬಡಿದ. ಅಂಗೈಯಗಲದ ಚಕ್ಕೆಗಳು ಮಾತ್ರ ಎದ್ದವು. ಹಟ್ಟಿಯವರು ದಂಡೆಯಲ್ಲಿ ನಿಂತು ನೋಡಿದರು. ಆ ಬಂಡೆ ತಮ್ಮ ಅಜ್ಜಂದಿರ ಕಾಲದಿಂದ ಅಲ್ಲೇ ಇತ್ತು. ಅದನ್ನು ಒಡೆಯಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಮೊದಲು ಕೆಳಗಿಳಿದು ಬಂದವನು ಗಾದ್ರಪ್ಪನ ದೊಡ್ಡ ಮಗ. ಓಬಯ್ಯನ ಕೈಯಿಂದ ಸುತ್ತಿಗೆ ತೆಗೆದುಕೊಂಡ. ಅವನ ಹಿಂದೆ ಉಳಿದವರು ಬಂದರು. ಅವರು ಬಂಡೆಯ ತಲೆ ಒಡೆದು, ಆ ಚೂರುಗಳನ್ನೇ ಎರಡೂ ಬದಿಯ ಗುಂಡಿಗೆ ತುಂಬಿದರು. ಅದಕ್ಕೆ ನಾಲ್ಕು ವಾರ ಹಿಡಿಯಿತು. ಅಲ್ಲಿಯವರೆಗೆ ಮಂಚ ಹೊರುವವರ ಜೊತೆ ಓಬಯ್ಯನೂ ಹೆಗಲು ಕೊಟ್ಟ.

ಐದನೆಯ ವಾರ ವ್ಯಾನು ತೆವಳುತ್ತಾ ಹಳ್ಳ ದಾಟಿ ಹಟ್ಟಿಗೆ ಬಂತು. ತಿಪ್ಪಜ್ಜಿಯ ಸೊಸೆ ವ್ಯಾನಿನ ಬಾಗಿಲ ಮುಂದೆ ಒಂದು ಚಪ್ಪಟೆ ಕಲ್ಲು ಇಟ್ಟಳು. ಅಜ್ಜಿ ಅದರ ಮೇಲೆ ಕಾಲಿಟ್ಟು, ಕಂಬಿ ಹಿಡಿದು, ತಾನೇ ಹತ್ತಿದಳು. ಒಳಗೆ ಕೂತು, "ನಡಿಯಪ್ಪ" ಎಂದಳು. ಆಮೇಲೆ ಎರಡು ವರ್ಷ ನಾಲ್ಕು ತಿಂಗಳು ಅವಳು ಹಾಗೆಯೇ ಹೋಗಿ ಬಂದಳು. ಕೊನೆಗೆ ತನ್ನ ಮನೆಯಲ್ಲಿ, ತನ್ನವರ ನಡುವೆ ಕಣ್ಣು ಮುಚ್ಚಿದಳು.

ಗುರುಗಳು ಓಬಯ್ಯನ ಸಂಗತಿ ಮುಗಿಸಿದರು.

ಮುರಿಗೆಯ್ಯ ಕೇಳಿದ: "ಅಲ್ಲಿಂದ ಮುಂದೆ ವ್ಯಾನಿನ ತಳಕ್ಕೆ ಕಲ್ಲು ತಾಗಲೇ ಇಲ್ಲವೇ, ಬುದ್ಧಿ?"

"ಖಾಲಿ ಹೋಗುವಾಗ ತಾಗುವುದಿಲ್ಲ, ಜನ ಕೂತಾಗ ಇವತ್ತಿಗೂ ತಾಗುತ್ತದೆ" ಎಂದರು ಗುರುಗಳು.