ಸ್ನಾನ ಮಾಡುವ ಮರ

ಹೊಳೆಯ ದಂಡೆಯಲ್ಲಿ ಒಂದು ಹೆಂಚಿನ ಮನೆ, ಅದರ ಹಿಂದೆ ಹಿತ್ತಲು. ಊರವರು ಅದನ್ನು ಆಶ್ರಮ ಅನ್ನುತ್ತಿದ್ದರು. ಅಲ್ಲಿದ್ದ ಚೆನ್ನಾಜಮ್ಮನವರು ಮಾತ್ರ, "ಆಶ್ರಮ ಎಲ್ಲಿ ಬಂತು, ಹಿತ್ತಲು ಅನ್ನಿ ಸಾಕು" ಅನ್ನುತ್ತಿದ್ದರು.

ಕಷ್ಟ ಸುಖ ಹೇಳಿಕೊಳ್ಳಲು ಬಂದವರೆಲ್ಲರಿಗೂ ಅವರು ಅವ್ವ.

ವಿಮಲಾಕ್ಷಿ ಅವ್ವನ ಶಿಷ್ಯೆ. ಅವಳು ಬಂದ ದಿನ ಕೈಯಲ್ಲಿ ಗಂಟೂ ಇರಲಿಲ್ಲ, ಬಾಯಲ್ಲಿ ಪ್ರಶ್ನೆಯೂ ಇರಲಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ವರ್ಷಗಟ್ಟಲೆ ನೋಡಿಕೊಂಡವಳು. ಬೆಳಗಾದರೆ ಬಿಸಿನೀರು, ಅರಿಸಿನ, ಮೆತ್ತನೆಯ ಬಟ್ಟೆ. ತಾಯಿ ಹೋದ ಮೇಲೂ ಎದ್ದು ನೀರು ಕಾಯಿಸುತ್ತಿದ್ದಳಂತೆ. ಕಾದ ಮೇಲೆ ಏನು ಮಾಡಬೇಕೆಂದು ತೋಚದೆ ಒಲೆಯ ಮುಂದೆ ಕೂತುಬಿಡುತ್ತಿದ್ದಳಂತೆ.

"ಕೊನೆಗೆ ದ್ರಾಕ್ಷಿ ಕೇಳಿದಳು ಅವ್ವಾ. ಡಾಕ್ಟರು ಬೇಡ ಅಂದಿದ್ದರು. ನಾಳೆ ಕೊಡ್ತೀನಿ ಅಂದೆ. ನಾಳೆಗೆ ಅವಳೇ ಇರಲಿಲ್ಲ."

ಅಂದಿನಿಂದ ಅವಳು ಯಾವ ಹಣ್ಣನ್ನೂ ಬಾಯಿಗಿಟ್ಟಿರಲಿಲ್ಲ.

ಅವ್ವ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಮೊಣಕಾಲೆತ್ತರದ ಒಂದು ಗಿಡದ ಮುಂದೆ ನಿಂತರು.

"ಇದು ಮರದ್ರಾಕ್ಷಿ. ಕಡಲಾಚೆಯ ದೇಶದ್ದು, ಯಾರೋ ತಂದುಕೊಟ್ಟರು. ಜಬೋಟಿಕಾಬ ಅಂತಲೋ ಏನೋ ಹೆಸರು, ನನ್ನ ನಾಲಿಗೆ ಹೊರಳಲ್ಲ. ಇದನ್ನ ನೀನು ನೋಡಿಕೋ."

"ಹೇಗೆ ನೋಡಿಕೊಳ್ಳಲಿ?"

"ನಿನಗೆ ಗೊತ್ತಿರೋ ಹಾಗೆ."

ಅವಳಿಗೆ ಗೊತ್ತಿದ್ದದ್ದು ಒಂದೇ ರೀತಿ.

ಮಂಗಳವಾರ, ಶುಕ್ರವಾರ ತಪ್ಪದೆ ಉಗುರುಬೆಚ್ಚಗಿನ ನೀರು ತಂದು ಗಿಡಕ್ಕೆ ಮೈತೊಳೆಸಿದಳು. ಕಾಂಡವನ್ನು, ಕೊಂಬೆಯನ್ನು, ಕವಲು ಕವಲನ್ನೂ ತೆಂಗಿನ ನಾರಿನಿಂದ ಹಗುರವಾಗಿ ಉಜ್ಜಿದಳು. ಬಟ್ಟೆಯಲ್ಲಿ ಒರೆಸಿ ಅರಿಸಿನ ಸವರಿದಳು, ಕುಂಕುಮ ಇಟ್ಟಳು. ಎಲ್ಲಾದರೂ ಬಿಳಿ ಹುಳು ಕೂತಂತೆ ಕಂಡರೆ, ದಾಸವಾಳಕ್ಕೆ ಬರುವ ಪೀಡೆ ಇದಕ್ಕೂ ಬಂತೆಂದು ಇನ್ನೊಮ್ಮೆ ಉಜ್ಜಿದಳು.

ಗಿಡ ಮರವಾಯಿತು. ಅವಳಿಗಿಂತ ಒಂದು ಗೇಣು ಎತ್ತರ. ಕಾಂಡವಂತೂ ಹುಣಿಸೆಹಣ್ಣು ಹಾಕಿ ತಿಕ್ಕಿದ ತಂಬಿಗೆಯ ಹಾಗೆ ಹೊಳೆಯುತ್ತಿತ್ತು.

ಹಣ್ಣು ಮಾತ್ರ ಇಲ್ಲ.

ದ್ರಾಕ್ಷಿ ಅಂದ ಮೇಲೆ ಗೊಂಚಲು ತಾನೆ? ಅವಳು ದಿನಾ ಕತ್ತೆತ್ತಿ ಕೊಂಬೆಯ ತುದಿಗಳನ್ನು ಹುಡುಕುತ್ತಿದ್ದಳು.

ಹಾಲು ಹಾಕುವ ಸಣ್ಣತಾಯಮ್ಮ ಬೇಲಿಯಾಚೆಯಿಂದ ಕೂಗುತ್ತಿದ್ದಳು, "ಎಲ್ಲರ ಮನೆ ಮರ ಹಣ್ಣು ಬಿಡ್ತವೆ ಕಣಕ್ಕಾ. ನಿಮ್ಮದು ಬರೀ ಸ್ನಾನ ಮಾಡ್ತದೆ!"

ಆ ವರ್ಷ ಅವ್ವನ ಊಟ ಕಮ್ಮಿಯಾಯಿತು. ಹೊಳೆಗೆ ಇಳಿಯುವುದು ನಿಂತಿತು, ಆಮೇಲೆ ಜಗಲಿಯಿಂದ ಇಳಿಯುವುದಕ್ಕೂ ಗೋಡೆ ಹಿಡಿಯಬೇಕಾಯಿತು. ವಿಮಲಾಕ್ಷಿ ತಟ್ಟೆಯಲ್ಲಿ ಉಳಿದ ಅನ್ನವನ್ನು ನೋಡುವಳು, ಮರವನ್ನು ನೋಡುವಳು. ಒಳಗೊಳಗೇ ಒಂದೇ ಮಾತು: ಈ ಸಲವೂ ನಾಳೆ ಅನ್ನಬೇಕಾಗುತ್ತದಾ?

ಒಂದು ದಿನ ತಡೆಯಲಾರದೆ ಕೇಳಿದಳು.

"ಅವ್ವಾ, ನೀವು ಒಂದು ಹಣ್ಣಾದರೂ ತಿನ್ನಬೇಕು ಅಂತ ನನ್ನ ಆಸೆ. ಇದು ಯಾಕೆ ಬಿಡ್ತಿಲ್ಲ? ನಾನೇನು ಕಮ್ಮಿ ಮಾಡಿದೆ?"

"ಕಮ್ಮಿ ಏನೂ ಮಾಡಿಲ್ಲ ಮಗಾ."

"ಮತ್ತೆ?"

"ಅದೇ. ಕಮ್ಮಿ ಏನೂ ಮಾಡಿಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಮುಂದಿನ ಶುಕ್ರವಾರ ಇನ್ನೂ ಚೆನ್ನಾಗಿ ಉಜ್ಜಿದಳು.

ಮಳೆಗಾಲ ಮುಗಿದು ಬಿಸಿಲು ಹದವಾಗಿದ್ದ ಒಂದು ಬೆಳಿಗ್ಗೆ, ಬೇಲಿಯಾಚೆ ಸಣ್ಣತಾಯಮ್ಮನ ಕ್ಯಾನು ಸದ್ದು ಮಾಡಿತು.

"ಏನಕ್ಕಾ, ಇವತ್ತು ಮರಕ್ಕೆ ಹಾಡೂ ಇದೆಯಾ?"

ವಿಮಲಾಕ್ಷಿ ನಾಚಿ ತುಟಿ ಮುಚ್ಚಿಕೊಂಡಳು. ತಾನು ಗುನುಗುತ್ತಿದ್ದದ್ದು ಅವಳಿಗೇ ಗೊತ್ತಿರಲಿಲ್ಲ. ಜಗಲಿಯ ಮೇಲೆ ಅವ್ವ ಕಣ್ಣು ಮುಚ್ಚಿ ಕೂತಿದ್ದರು.

ಮುಂದಿನ ಮಂಗಳವಾರ ಅವಳು ನೀರು ಹೊತ್ತು ಬಂದಾಗ, ಮರದ ಮುಂದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವ್ವ ಕೂತಿದ್ದರು. ಅಲ್ಲಿಗೆ ಹೇಗೆ ಬಂದರೋ!

"ಆ ನೀರು ನನ್ನ ಕಾಲಿಗೆ ಹಾಕು. ಮಂಡಿ ನೋವು."

"ಮರಕ್ಕೆ?"

"ಮರಕ್ಕೆ ಮಂಡಿ ಇದೆಯೇನೇ?"

ಅವಳು ನಕ್ಕು ಅವ್ವನ ಕಾಲಿಗೆ ನೀರು ಹಾಕಿದಳು, ಒರೆಸಿದಳು. ಅಷ್ಟರಲ್ಲಿ ನೀರು ಮುಗಿದಿತ್ತು.

ಶುಕ್ರವಾರವೂ ಅವ್ವ ಕಲ್ಲಿನ ಮೇಲೆ. ಅದರ ಮುಂದಿನ ಮಂಗಳವಾರವೂ.

"ಇನ್ನೊಂದು ಹಂಡೆ ಕಾಯಿಸ್ತೀನಿ ಅವ್ವಾ, ಮರ ಕೊಳೆಯಾಗಿದೆ."

"ಸೌದೆ ದಂಡ. ಕೂತ್ಕೋ."

ಅವಳು ಕೂತಳು. ಕೂತರೂ ಕೈ ಸುಮ್ಮನಿರಲಿಲ್ಲ. ಸೆರಗಿನ ತುದಿ ಸುತ್ತುತ್ತಿತ್ತು, ಹುಲ್ಲು ಕೀಳುತ್ತಿತ್ತು. ಅವ್ವ ಹೊಳೆ ನೋಡುತ್ತಿದ್ದರು. ಅವಳೂ ನೋಡಿದಳು. ಹೀಗೆ ಎಷ್ಟೋ ದಿನ ಕಳೆಯಿತು.

ಮರದ ಹೊಳಪು ಹೋಯಿತು. ಅರಿಸಿನ ಮಾಸಿತು. ತೊಗಟೆ ಚಕ್ಕೆ ಚಕ್ಕೆಯಾಗಿ ಎದ್ದಿತು, ಕಾಂಡದ ತುಂಬ ಸಣ್ಣ ಗುಳ್ಳೆಗಳು ಮೂಡಿದವು. ಕೊನೆಗೊಂದು ಬೆಳಿಗ್ಗೆ ಬಂದು ನೋಡಿದರೆ ಬುಡದಿಂದ ಕವಲಿನವರೆಗೆ ಬೆಳ್ಳಗೆ ಏನೋ ಮೆತ್ತಿಕೊಂಡಿದೆ.

"ಅಯ್ಯೋ, ಹುಳು! ಮೈತುಂಬ ಹುಳು ಅವ್ವಾ! ನಾನು ತೊಳೀತೀನಿ ಅಂದರೂ ನೀವು..."

ತೆಂಗಿನ ನಾರು ಹಿಡಿದು ಓಡಿದಳು. ಅವ್ವ ಕಲ್ಲಿನಿಂದಲೇ ಕೈಚಾಚಿ ಅವಳ ಮುಂಗೈ ಹಿಡಿದುಕೊಂಡರು. ಆ ಸೊರಗಿದ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

"ಮೊದಲು ಮೂಸು."

ಅವಳು ಬಗ್ಗಿದಳು. ಸಿಹಿಯಾದ, ತೆಳ್ಳನೆಯ ಒಂದು ಘಮ. ಇನ್ನೂ ಹತ್ತಿರ ಹೋದಳು. ಹುಳುವಲ್ಲ. ಕೂದಲೆಳೆಯಂಥ ಕೇಸರಗಳನ್ನು ಬಿಚ್ಚಿಕೊಂಡ ಬಿಳಿಯ ಹೂವು. ಹಲಸು ಕಾಂಡಕ್ಕೇ ಕಚ್ಚುವ ಹಾಗೆ, ಈ ಮರ ತನ್ನ ತೊಗಟೆಯ ಮೇಲೇ ಹೂಬಿಟ್ಟಿತ್ತು. ಒಂದು ಜೇನು ಬಂದು ಕೂತು ಎದ್ದುಹೋಯಿತು.

ನಾರು ಅವಳ ಕೈಯಿಂದ ಬಿತ್ತು.

ಎಷ್ಟು ಶುಕ್ರವಾರ, ಎಷ್ಟು ಮಂಗಳವಾರ, ಹುಳುವೆಂದು ಉಜ್ಜಿ ತೆಗೆದದ್ದು ಇದನ್ನೇ.

ಆಮೇಲೆ ಒಂದೆರಡು ದಿನ ಅವಳು ಮರದ ಹತ್ತಿರ ಹೋಗಲಿಲ್ಲ. ಅವ್ವನಿಗೆ ಗಂಜಿ ಕೊಟ್ಟು, ಮುಖ ನೋಡದೆ ಒಳಗೆ ಬರುತ್ತಿದ್ದಳು.

ಹೂ ಉದುರಿ ಹಸಿರು ಕಾಯಿ ಕಚ್ಚಿತು. ಕಾಯಿ ಊದಿತು, ಕೆಂಪಾಯಿತು, ಕಪ್ಪಾಯಿತು. ಅವ್ವ ಅಷ್ಟರಲ್ಲಿ ಹಾಸಿಗೆಯಿಂದ ಏಳುತ್ತಿರಲಿಲ್ಲ. ಕಾಂಡದ ತುಂಬ ಕರಿಮಣಿ ಸರದ ಹಾಗೆ ಹಣ್ಣು ಮುತ್ತಿಕೊಂಡ ದಿನ, ವಿಮಲಾಕ್ಷಿ ಬಾಗಿಲಲ್ಲಿ ಬಂದು ನಿಂತಳು.

"ಕಿತ್ತು ತರಲಾ ಅವ್ವಾ?"

"ಬೇಡ. ನನ್ನನ್ನೇ ಎತ್ತಿಕೊಂಡು ಹೋಗು. ನಾನೇನು ಭಾರ?"

ಭಾರವಿರಲಿಲ್ಲ. ಅದಕ್ಕೇ ಅವಳಿಗೆ ದುಃಖ ಒತ್ತರಿಸಿ ಬಂತು. ಕಲ್ಲಿನ ಮೇಲೆ ಕೂರಿಸಿ, ಬೆನ್ನಿಗೆ ತನ್ನ ಎದೆ ಆನಿಸಿ ಹಿಡಿದುಕೊಂಡಳು. ಒಂದು ಹಣ್ಣು ಕಿತ್ತು ಅವ್ವನ ಬಾಯಿಗಿಟ್ಟಳು. ಅವ್ವ ಕಚ್ಚಿದರು. ದಪ್ಪ ಸಿಪ್ಪೆ ಒಡೆದು ಬಿಳಿಯ ತಿರುಳು ಜಾರಿತು, ಗಲ್ಲದ ಮೇಲೆ ನೇರಳೆ ರಸ ಇಳಿಯಿತು.

"ಹೇಗಿದೆ?"

"ದ್ರಾಕ್ಷಿಗಿಂತ ಸ್ವಲ್ಪ ಜಾಸ್ತಿ ಜಂಬ."

ವಿಮಲಾಕ್ಷಿ ರಸ ಒರೆಸಿದಳು. ಒರೆಸುತ್ತಲೇ ಕೇಳಿದಳು.

"ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ?"

"ಹೂಂ. ಗಿಡ ಕೊಟ್ಟವರು ಹೇಳಿದ್ದರು."

"ಮತ್ತೆ ಯಾಕೆ ಸುಮ್ಮನಿದ್ದಿರಿ? ಇಷ್ಟು ವರ್ಷ ನೀವು ತಿನ್ನಬಹುದಿತ್ತಲ್ಲಾ. ನಾನು ಉಜ್ಜಿ ಉಜ್ಜಿ ಹಾಳು ಮಾಡೋದನ್ನ ನೋಡ್ತಾ ಕೂತಿದ್ದಿರಲ್ಲಾ."

ಅವ್ವ ಉಸಿರು ಕೂಡಿಸಿಕೊಂಡರು.

"ನೀನು ಬಂದಾಗ ನಿನ್ನ ಕೈ ನೋಡಿದ್ದೆ. ತೊಳೆಯೋದಕ್ಕೆ ಯಾರೂ ಇಲ್ಲದೆ ಒದ್ದಾಡ್ತಿತ್ತು. ಬೇಡ ಅಂದಿದ್ದರೆ ಆ ಕೈ ಎಲ್ಲಿಗೆ ಹೋಗಬೇಕಿತ್ತು?"

"ಮತ್ತೆ ಈಗ ಯಾಕೆ ನಿಲ್ಲಿಸಿದಿರಿ?"

"ಒಂದು ದಿನ ಉಜ್ಜುತ್ತಾ ಹಾಡು ಗುನುಗಿದೆ ನೋಡು. ಆವತ್ತೇ ನನ್ನ ಮಂಡಿ ನೋಯೋದಕ್ಕೆ ಶುರುವಾಯಿತು."

ವಿಮಲಾಕ್ಷಿ ಅವ್ವನ ಹೆಗಲಿಗೆ ಮುಖ ಒತ್ತಿ ಅತ್ತಳು. ಅತ್ತು ಮುಗಿಸುವವರೆಗೆ ಅವ್ವ ಹೊಳೆ ನೋಡುತ್ತಿದ್ದರು. ಆಮೇಲೆ ರಸ ಮೆತ್ತಿದ ಬೆರಳಿನಿಂದ ಅವಳ ಕೆನ್ನೆ ಮುಟ್ಟಿದರು.

"ಇನ್ನೊಂದು ಕೀಳು ಮಗಾ. ಅದು ನಿಮ್ಮಮ್ಮನ ಪಾಲು, ನೀನೇ ತಿನ್ನಬೇಕು."