ಮಣ್ಣು ಮುಟ್ಟದ ಬೆನ್ನು

"ಉಸ್ತಾದ್ರೇ, ಯಾರ ಹಂಗೂ ಇಲ್ದೆ ಬದುಕ್ಬೇಕು ಅಂತ ನನ್ನಾಸೆ. ಅದು ತಪ್ಪಾ?"

ಕೇಳ್ದೋನು ಸಿದ್ದರಾಜು. ಗರಡಿಗೆ ಸೇರಿ ನಾಲ್ಕು ವರ್ಷ ಆಗಿತ್ತು. ಅವತ್ತು ಬೆಳಿಗ್ಗೆ ತಾನೆ ಒಬ್ಬನ್ನ ಕೆಡವಿ, ಕೈ ಕೊಟ್ಟು ಎಬ್ಬಿಸ್ದೆ ಹಂಗೇ ಎದ್ದು ಬಂದಿದ್ದ.

ಉಸ್ತಾದ್ ಚಿಕ್ಕಬಸವಯ್ಯ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಕೊಂಡ.

"ಕೂತ್ಕೊ. ನಲವತ್ತು ವರ್ಷ ಕುಸ್ತಿ ಕಲಿಸ್ದೋನು ನಾನು. ನನ್ನ ಕಣ್ಣು ತಪ್ಪಿಸಿ ಈ ಸೀಮೇಲಿ ಒಬ್ಬ ಪೈಲ್ವಾನ ಬೆಳೆದಿಲ್ಲ. ಅವರಲ್ಲಿ ಒಬ್ಬನ ಕತೆ ಹೇಳ್ತೀನಿ. ನಡುವೆ ಬಾಯಿ ಹಾಕಿದ್ರೆ ಐನೂರು ಬಸ್ಕಿ."

ಒಂದೂರಲ್ಲಿ ಕೆಂಚಯ್ಯ ಅಂತ ಒಬ್ಬ ಪೈಲ್ವಾನ ಇದ್ದ. ಆಳು ಅಂದ್ರೆ ಆಳು. ಹದಿನೆಂಟಕ್ಕೆ ಮಟ್ಟಿಗೆ, ಅಂದ್ರೆ ಕುಸ್ತಿ ಆಡೋ ಮಣ್ಣಿನ ಕಣಕ್ಕೆ ಇಳಿದ, ನಲವತ್ತೈದಕ್ಕೆ ಲಂಗೋಟಿ ಬಿಚ್ಚಿಟ್ಟ. ಅಷ್ಟು ವರ್ಷದಲ್ಲಿ ಒಂದು ಸಲಾನೂ ಅವನ ಬೆನ್ನು ಮಟ್ಟಿ ಮಣ್ಣು ಮುಟ್ಲಿಲ್ಲ.

ಆ ಗರಡೀಲಿ ಒಂದು ಕಟ್ಟಳೆ ಇತ್ತು. ಕುಸ್ತಿ ಮುಗಿದ ಮೇಲೆ, ಕೆಡವಿದೋನೇ ಬಿದ್ದೋನ ಬೆನ್ನು ಒರೆಸ್ಬೇಕು. ಎಂಥಾ ಜಿದ್ದಿದ್ರೂ ಸರಿ. ಕೆಲವರು ಬಯ್ಕೊಂಡು ಒರೆಸೋರು, ಕೆಲವರು ನಗ್ತಾ ಒರೆಸೋರು, ಪಟ್ಟು ಎಲ್ಲಿ ತಪ್ತು ಅಂತ ಹೇಳ್ಕೊಡ್ತಾ ಒರೆಸೋರೂ ಇದ್ರು. ಮಣ್ಣು ಉದುರೋ ಹೊತ್ತಿಗೆ ಜಿದ್ದೂ ಇಳಿದಿರೋದು.

ಕೆಂಚಯ್ಯನೂ ಒರೆಸ್ತಿದ್ದ. ಹೆಂಗೆ? ಟವಲ್ಲಲ್ಲಿ ಎರಡು ಏಟು ಬೀಸೋದು, "ಹೋಗ್" ಅನ್ನೋದು. ತನ್ನ ಬೆನ್ನು ಒರೆಸೋ ಕೆಲಸ ಮಾತ್ರ ಯಾರಿಗೂ ಕೊಡ್ಲಿಲ್ಲ. ಅದೇ ಅವನ ದೊಡ್ಡಸ್ತಿಕೆ. ಸಂತೇಲಿ, ಹೋಟ್ಲಲ್ಲಿ ಎದೆ ಸೆಟೆಸ್ಕೊಂಡು, "ಈ ಬೆನ್ನು ಇವತ್ತಿಗೂ ಯಾರ ಕೈಗೂ ಸಿಕ್ಕಿಲ್ಲ ಕಣ್ರಯ್ಯ" ಅನ್ನೋನು.

ಅದು ಪೂರ್ತಿ ನಿಜ ಅಲ್ಲ. ಹೆಂಡ್ತಿ ಹೊನ್ನಮ್ಮ ವಾರವಾರ ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ಬೆನ್ನು ಉಜ್ಜೋಳು. ಅದು ಅವನ ತಲೇಗೇ ಬರ್ಲಿಲ್ಲ. ಅವಳ ಬಳೆ ತಾಗಿ ಚುಚ್ಚಿದ್ರೆ ಮಾತ್ರ, "ಕಣ್ಣು ಕಾಣಲ್ವೇನೇ?" ಅಂತ ರೇಗೋನು.

ಅರವತ್ತೆಂಟಾಯ್ತು. ಹೊನ್ನಮ್ಮ ತೀರ್ಕೊಂಡ್ಲು. ಮಗ ಸೊಸೆ ಚೆನ್ನಾಗೇ ನೋಡ್ಕೊಂಡ್ರು. ಹೊತ್ತಿಗೆ ಊಟ, ಹಂಡೆ ತುಂಬ ಬಿಸಿನೀರು. ಕೆಂಚಯ್ಯ ಬಚ್ಚಲಲ್ಲಿ ಕೂತು ನೀರು ಹುಯ್ಕೊಳ್ಳೋನು. ನೀರು ಬೆನ್ನ ಮೇಲೆ ಹರಿದು ಹೋಗೋದು. ಕೈ ಹಿಂದಕ್ಕೆ ತಂದ್ರೆ ನಡುಬೆನ್ನು ಸಿಗ್ತಿರಲಿಲ್ಲ. ಎಷ್ಟೋ ಜನರನ್ನ ಎತ್ತಿ ಒಗೆದ ಕೈ, ಅಷ್ಟು ದೂರ ಹೋಗ್ತಿರಲಿಲ್ಲ. ಆ ಬಳೆ ಒಂದ್ಸಲ ಚುಚ್ಚಿದ್ರೆ ಸಾಕು ಅನ್ಸೋದು. ಮಗನ್ನ ಕರೀಬಹುದಾಗಿತ್ತು. ಬಾಯಿ ಬರ್ಲಿಲ್ಲ. ಏನಂತ ಕರೀತಾನೆ? ಜೀವಮಾನದಲ್ಲಿ ಯಾರನ್ನೂ ಏನೂ ಕೇಳ್ದೋನಲ್ಲ.

ದಿನಾ ಬೆಳಿಗ್ಗೆ ಗರಡಿ ಜಗಲಿಗೆ ಬಂದು ಕೂರೋಕೆ ಶುರುಮಾಡ್ದ. ಪಟ್ಟು ನೋಡೋಕೆ ಬರ್ತಾನೆ ಅಂದ್ಕೊಂಡ್ರು ಎಲ್ರೂ. ಅವನು ಪಟ್ಟು ನೋಡ್ತಿರಲಿಲ್ಲ. ಕುಸ್ತಿ ಯಾವಾಗ ಮುಗಿಯುತ್ತೆ ಅಂತ ಕಾಯೋನು. ಮುಗಿದ ಮೇಲೆ ಒಬ್ಬ ತಿರುಗಿ ಕೂರೋನು, ಇನ್ನೊಬ್ಬ ಟವಲ್ ತಗೊಳ್ಳೋನು. ಕೆಂಚಯ್ಯ ಆ ಕೈಯನ್ನೇ ನೋಡೋನು. ಅದು ಕುತ್ತಿಗೆಯಿಂದ ಸೊಂಟಕ್ಕೆ ಇಳೀತಾ ಇದ್ರೆ, ಇಲ್ಲಿ ಜಗಲಿ ಮೇಲೆ ಇವನ ಬೆನ್ನು ತಾನಾಗೇ ನೆಟ್ಟಗಾಗೋದು.

ಒಂದಿನ ಎಲ್ರೂ ಮನೆಗೆ ಹೋದ್ರು. ಜವರಯ್ಯ ಒಬ್ಬನೇ ಗುದ್ದಲಿ ಹಿಡಿದು ಮಟ್ಟಿ ಮಣ್ಣು ಸಡಿಲ ಮಾಡ್ತಿದ್ದ. ಅವನೂ ಮುದುಕನೇ. ಪ್ರಾಯದಲ್ಲಿ ಕೆಂಚಯ್ಯನ ಕೈಲಿ ಏಳು ಸಲ ಬಿದ್ದೋನು. ಅಗೆದು ಮುಗಿಸಿ ತಿರುಗಿ ನೋಡ್ತಾನೆ, ಕೆಂಚಯ್ಯ ಅಂಗಿ ಬಿಚ್ಚಿ ಮಟ್ಟಿ ನಡುವೆ ಅಂಗಾತ ಮಲಗವ್ನೆ.

"ಅಯ್ಯಯ್ಯೋ, ಜಾರಿ ಬಿದ್ಯಾ ಅಣ್ಣ?"

"ಬಿದ್ದಿಲ್ಲ ಕಣ್ಲಾ. ಮಲಗ್ದೆ."

"ಯಾರಾದ್ರೂ ನೋಡಿದ್ರೆ ನಿನ್ನ ಹೆಸರು ಏನಾಗ್ಬೇಕು? ಮೊದ್ಲು ಮೇಲಕ್ಕೇಳು."

ಕೆಂಚಯ್ಯ ಎದ್ದು ಕೂತ. ಎದ್ದೋನು ಜವರಯ್ಯನ ಕಡೆಗೆ ಬೆನ್ನು ತಿರುಗಿಸ್ದ. ಬೆನ್ನೆಲ್ಲಾ ಕೆಮ್ಮಣ್ಣು.

"ಒರೆಸ್ಲಾ."

ಜವರಯ್ಯನಿಗೆ ನಗು ತಡೆಯಕ್ಕಾಗ್ಲಿಲ್ಲ. "ಈ ಬೆನ್ನಿಗೆ ಒಂದು ಹಿಡಿ ಮಣ್ಣು ಹತ್ತಿಸ್ಬೇಕು ಅಂತ ಇಪ್ಪತ್ತು ವರ್ಷ ತಿಣುಕ್ದೆ ಕಣಣ್ಣ. ಈಗ ಬಂದು ಒರೆಸು ಅಂತೀಯಾ? ಕಟ್ಟಳೆ ಮರೆತ್ಯಾ? ಕೆಡವಿದೋನು ಒರೆಸ್ಬೇಕು. ನಿನ್ನ ಕೆಡವಿದ್ದು ಯಾರು?"

ಕೆಂಚಯ್ಯ ಒಂದು ಕೈ ಬೆನ್ನ ಹಿಂದಕ್ಕೆ ತಂದು ತೋರಿಸ್ದ.

"ನಾನೇ ಕೆಡವ್ಕೊಂಡೆ," ಅಂದ. "ಒರೆಸ್ಕೊಳ್ಳೋಕೆ ಕೈ ನಿಲುಕ್ತಿಲ್ಲ."

ಜವರಯ್ಯನ ನಗು ನಿಂತುಹೋಯ್ತು. ಹೆಗಲ ಮೇಲಿನ ಟವಲ್ ತಗೊಂಡು ಅವನ ಹಿಂದೆ ಕುಕ್ಕರುಗಾಲಲ್ಲಿ ಕೂತ. ಕುತ್ತಿಗೆಯಿಂದ ಶುರುಮಾಡಿ ನಿಧಾನವಾಗಿ ಒರೆಸ್ತಾ ಬಂದ. ಕೆಂಚಯ್ಯ ಕಣ್ಣು ಮುಚ್ಕೊಂಡ. ತಾನು ಎರಡು ಏಟು ಬೀಸಿ ಕಳಿಸಿದ್ದ ಬೆನ್ನುಗಳು ಒಂದೊಂದೇ ನೆನಪಿಗೆ ಬಂದ್ವು. ಅದರಲ್ಲಿ ಈ ಜವರಯ್ಯಂದೂ ಇತ್ತು. ಹೊನ್ನಮ್ಮನೂ ನೆನಪಿಗೆ ಬಂದ್ಲು. ನಲವತ್ತು ವರ್ಷ ಅವಳ ಕೈಗೆ ಬೆನ್ನು ಕೊಟ್ಟಿದ್ದ. ಒಂದು ಒಳ್ಳೆ ಮಾತು ಕೊಟ್ಟಿರಲಿಲ್ಲ.

"ಆಯ್ತು ಕಣಣ್ಣ. ಹೋಯ್ತು ಮಣ್ಣು."

"ಇನ್ನೂ ಅದೆ ನೋಡ್ಲಾ."

ಜವರಯ್ಯ ನೋಡ್ದ. ಒಂದು ಕಾಳು ಮಣ್ಣಿರಲಿಲ್ಲ.

"ಹೌದು, ಅದೆ," ಅಂದ. ಮತ್ತೆ ಕುತ್ತಿಗೆಯಿಂದ ಶುರುಮಾಡ್ದ.

ಇಷ್ಟು ಹೇಳಿ ಉಸ್ತಾದ್ ಎದ್ದು ಹೋಗಿ ಎಲೆ ಉಗಿದು ಬಂದ. ಸಿದ್ದರಾಜು ಹಠ ಬಿಡ್ಲಿಲ್ಲ.

"ಅದು ವಯಸ್ಸಾದೋರ ಪಾಡು ಉಸ್ತಾದ್ರೇ. ನಂಗಿನ್ನೂ ಇಪ್ಪತ್ತೆರಡು. ನನ್ನ ಕೈ ಬೆನ್ನಿನ ಎಲ್ಲಾ ಮೂಲೆಗೂ ನಿಲುಕುತ್ತೆ."

"ನಿಲುಕ್ಲಿ ಬಿಡು, ನಿನ್ನ ಬೆನ್ನು ಹೆಂಗದೆ ಅಂತ ಯಾವತ್ತಾದ್ರೂ ನೋಡಿದೀಯೇನ್ಲಾ?"