ಹತ್ತು ಎಲೆಗಳ ಬೆನ್ನು

ಈ ಜಗತ್ತನ್ನೇ ಒಂದು ಆಟವೆಂದು ಹೂಡಿ, ಗೆದ್ದವರ ಪಕ್ಕದಲ್ಲಿಯೂ ಸೋತವರ ಪಕ್ಕದಲ್ಲಿಯೂ ಒಂದೇ ಪ್ರೀತಿಯಿಂದ ಕುಳಿತಿರುವ ಶ್ರೀಹರಿಗೆ ಮೊದಲು ಕೈಮುಗಿಯುತ್ತೇನೆ. ಗುರುಗಳ ಬಾಯಿಂದ ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳುವಷ್ಟು ನೆನಪನ್ನು ಅವನೇ ನನಗೆ ಕೊಡಲಿ.

“ಗುರುಗಳೇ, ಎಂಟು ವರ್ಷದ ಕೆಲಸದಲ್ಲಿ ಹತ್ತನ್ನು ಮಾತ್ರ ತೋರಿಸಬಹುದು ಎಂದಾದರೆ, ಯಾವ ಹತ್ತನ್ನು ತೋರಿಸಬೇಕು?”

ಕೇಳಿದವಳು ಮೇಖಲಾ. ನಮ್ಮ ಗುರುಗಳಾದ ಗೋವರ್ಧನಾಚಾರ್ಯರ ಶನಿವಾರದ ಪಾಠಕ್ಕೆ ತಪ್ಪದೆ ಬರುವವಳು. ಬೋರ್ಡ್ ಗೇಮುಗಳಿಗೂ ಇಸ್ಪೀಟಿನಂಥ ಆಟದ ಎಲೆಗಳಿಗೂ ಚಿತ್ರ ಬರೆಯುವುದು ಅವಳ ಕೆಲಸ. ಮರುದಿನ ಆಟಗಳ ಸಮ್ಮೇಳನವಿತ್ತು. ಬೇರೆ ಬೇರೆ ದೇಶಗಳ ಗೇಮ್ ಪ್ರಕಾಶಕರು ಅಲ್ಲಿಗೆ ಬಂದು ಕೂರುತ್ತಾರೆ. ಒಬ್ಬೊಬ್ಬ ಕಲಾವಿದರಿಗೆ ಹತ್ತು ನಿಮಿಷ, ಹತ್ತು ಚಿತ್ರ.

“ಮೂರು ದಿನದಿಂದ ಆರಿಸುತ್ತಲೇ ಇದ್ದೇನೆ. ಇಟ್ಟದ್ದನ್ನು ತೆಗೆಯುತ್ತೇನೆ, ತೆಗೆದದ್ದನ್ನು ಮತ್ತೆ ಇಡುತ್ತೇನೆ. ಊಟ ಸೇರುತ್ತಿಲ್ಲ,” ಎಂದಳು.

“ಊಟ ಸೇರದಿದ್ದರೆ ಕತೆಯಾದರೂ ಸೇರೀತು. ಕೂತುಕೋ ತಾಯಿ,” ಎಂದು ಗುರುಗಳು ಕತೆ ತೆಗೆದರು.

ಒಂದು ಪಟ್ಟಣದಲ್ಲಿ ಒಬ್ಬ ಚಿತ್ರಗಾರನಿದ್ದ. ಅವನು ಗಂಜೀಫಾ ಎಂಬ ಹಳೆಯ ಆಟದ ಎಲೆಗಳನ್ನು ಮಾಡುತ್ತಿದ್ದ. ಬಟ್ಟೆಯ ಪದರಗಳನ್ನು ಹುಣಸೆಬೀಜದ ಅಂಟಿನಿಂದ ಒತ್ತಿ, ದುಂಡಗೆ ಕತ್ತರಿಸಿ, ಮುಖಕ್ಕೆ ಚಿತ್ರ ಬರೆದು, ಬೆನ್ನಿಗೆ ಅರಗು ಬಳಿದರೆ ಒಂದು ಎಲೆ. ಅಂಥ ನೂರ ಇಪ್ಪತ್ತು ಎಲೆ ಸೇರಿದರೆ ಒಂದು ಕಟ್ಟು. ಕಟ್ಟಿನಲ್ಲಿ ಹತ್ತು ಅವತಾರಗಳಿಗೆ ಹತ್ತು ರಾಜರು. ಉಳಿದವು ಮಂತ್ರಿಗಳು, ಮೀನು, ಕೊಡ, ಕೊಡಲಿಗಳ ಸಣ್ಣ ಎಲೆಗಳು.

ವರ್ಷಕ್ಕೊಮ್ಮೆ ಆಟದ ಸಾಮಾನಿನ ದೊಡ್ಡ ವರ್ತಕನೊಬ್ಬ ಆ ಪಟ್ಟಣದ ಛತ್ರಕ್ಕೆ ಬಂದು ಕೂರುತ್ತಿದ್ದ. ಚಿತ್ರಗಾರರ ಕೇರಿಯವರೆಲ್ಲ ಸರದಿಯಲ್ಲಿ ನಿಂತು ತಮ್ಮ ಎಲೆಗಳನ್ನು ತೋರಿಸಬೇಕು. ಒಬ್ಬೊಬ್ಬನಿಗೆ ಹತ್ತೇ ಎಲೆ, ಹನ್ನೊಂದನೆಯದಿಲ್ಲ. ಕೇರಿಯಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಮೂರು ವರ್ಷ ಒಂದೇ ಸಮನೆ ವರ್ತಕ ಬೇಡವೆಂದರೆ, ಆ ಚಿತ್ರಗಾರ ತನ್ನ ಅಳಿಲುಗೂದಲ ಕುಂಚವನ್ನು ಕೇರಿಯ ಹಿರಿಯನ ತಟ್ಟೆಯಲ್ಲಿ ಇಟ್ಟುಬಿಡಬೇಕು. ಆಮೇಲೆ ಅವನು ಬಾಗಿಲ ಚೌಕಟ್ಟುಗಳಿಗೆ ಬಣ್ಣ ಬಳಿಯಬಹುದೇ ಹೊರತು ದೇವರ ಮುಖ ಬರೆಯುವ ಹಾಗಿಲ್ಲ.

ನಮ್ಮ ಚಿತ್ರಗಾರನನ್ನು ಎರಡು ವರ್ಷ ಬೇಡವೆಂದಾಗಿತ್ತು. ಇದು ಮೂರನೆಯದು.

ಅವನು ತನ್ನಲ್ಲಿದ್ದ ಹತ್ತು ಕಟ್ಟುಗಳನ್ನೂ ಬಿಚ್ಚಿ ನೆಲದ ಮೇಲೆ ಹರಡಿದ. ವರ್ಷಕ್ಕೊಂದರಂತೆ ಹತ್ತು ವರ್ಷದ ಕೆಲಸ. ಒಂದು ವರ್ಷ ನರಸಿಂಹ ಚೆನ್ನಾಗಿ ಬಂದಿದ್ದ, ಇನ್ನೊಂದು ವರ್ಷ ವಾಮನ. ಅವನು ಪ್ರತಿ ಕಟ್ಟಿನಿಂದ ಒಬ್ಬೊಬ್ಬ ರಾಜನನ್ನು ಎತ್ತಿಕೊಂಡ. ಹತ್ತು ಕಟ್ಟುಗಳ ಹತ್ತು ರಾಜರು ಸಾಲಾಗಿ ಕುಳಿತಾಗ ಅವನಿಗೇ ಕೈಮುಗಿಯಬೇಕು ಅನ್ನಿಸಿತು.

ಹೆಂಡತಿ ಬಂದು ನೋಡಿದಳು.

“ಬರೀ ರಾಜರನ್ನೇ ಮೂಟೆ ಕಟ್ಟಿಕೊಂಡು ಹೊರಟಿರಾ? ಎಲ್ಲರ ಕೈಗೂ ರಾಜರನ್ನೇ ಹಂಚಿದರೆ ಯಾರು ಯಾರನ್ನು ಸೋಲಿಸಬೇಕು?”

“ನಿನಗೆ ತಿಳಿಯದು, ಸುಮ್ಮನಿರು. ಅವರು ನೋಡುವುದು ಮುಖವನ್ನು.”

“ನೋಡಲಿ ಬಿಡಿ. ನಾನೂ ನಿಮ್ಮ ಮುಖ ನೋಡಿಯೇ ಅಲ್ಲವೇ ಮೋಸ ಹೋದದ್ದು,” ಎಂದು ನಕ್ಕು ಅವಳು ಒಳಗೆ ಹೋದಳು.

ಅವನಿಗೆ ನಗು ಬರಲಿಲ್ಲ.

ಛತ್ರದಲ್ಲಿ ಅವನ ಮುಂದೆ ನಾಲ್ವರು ನಿಂತಿದ್ದರು. ವರ್ತಕ ವಯಸ್ಸಾದವನು. ಮೊದಲನೆಯವನ ಹತ್ತು ಎಲೆಗಳ ಮುಖವನ್ನು ಅವನು ಒಮ್ಮೆ ನೋಡಿದ. ಆಮೇಲೆ ಎಲ್ಲವನ್ನೂ ಬೋರಲು ಹಾಕಿ, ಕಲಸಿ, ಕೇಳಿದ:

“ಇದರಲ್ಲಿ ನಿನ್ನ ನರಸಿಂಹ ಯಾವುದು?”

“ಹೇಗೆ ಹೇಳಲಿ ಯಜಮಾನರೇ? ಬೆನ್ನೆಲ್ಲ ಒಂದೇ ಅಲ್ಲವೇ?”

“ಸರಿ. ಆ ಕಡೆ ಕೂತಿರು,” ಎಂದ ವರ್ತಕ.

ಎರಡನೆಯವನಿಗೂ ಅದೇ ಪ್ರಶ್ನೆ. ಅವನೂ ಗೊತ್ತಿಲ್ಲವೆಂದು ಹೇಳಿ ಆ ಕಡೆ ಹೋಗಿ ಕುಳಿತ. ಮೂರನೆಯವನೂ ಕುಳಿತ.

ಸರದಿಯಲ್ಲಿದ್ದ ಚಿತ್ರಗಾರ ತನ್ನ ಎಲೆಗಳ ಬೆನ್ನು ತಿರುಗಿಸಿ ನೋಡಿದ. ಬೆನ್ನು ಗುರುತು ಸಿಗುವ ಎಲೆಯಲ್ಲಿ ಆಟವಾಡಲು ಬರುವುದಿಲ್ಲ. ಎದುರಾಳಿಯ ಕೈಯಲ್ಲಿ ಏನಿದೆಯೆಂದು ಬೆನ್ನೇ ಹೇಳಿಬಿಡುತ್ತದೆ. ಇದು ಕೇರಿಯ ಮಕ್ಕಳಿಗೂ ಗೊತ್ತಿರುವ ವಿಷಯ. ಒಂದೇ ಕಟ್ಟಿನ ಎಲೆಗಳಾದರೆ ಒಂದೇ ದಿನ ಒಂದೇ ಅರಗು ಬಳಿದಿರುತ್ತಾರೆ, ಗುರುತು ಹತ್ತುವುದಿಲ್ಲ. ಅವನು ತಂದದ್ದು ಹತ್ತು ವರ್ಷದ ಹತ್ತು ಅರಗು. ಒಂದು ಕೂದಲೆಳೆಯಷ್ಟು ಕಪ್ಪು, ಒಂದು ಕೂದಲೆಳೆಯಷ್ಟು ದಪ್ಪ. ಬೇರೆಯವರ ಕಣ್ಣಿಗೆ ಕಾಣುವಂತಿರಲಿಲ್ಲ. ಅವನಿಗೆ ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗುತ್ತಿತ್ತು.

ಹಿಂದೆ ನಿಂತವನು ಅವನ ಮುಖ ನೋಡಿ ಕಿವಿಯಲ್ಲಿ ಹೇಳಿದ: “ಗೊತ್ತಿಲ್ಲ ಅಂದುಬಿಡು ಮಾರಾಯ. ಮುದುಕನಿಗೆ ಕಣ್ಣು ಮಂಜು.”

ನಾಲ್ಕನೆಯವನೂ ಗೊತ್ತಿಲ್ಲವೆಂದು ಹೋಗಿ ಕುಳಿತ. ಚಿತ್ರಗಾರ ಮುಂದೆ ಬಂದು ಎಲೆಗಳನ್ನು ಹಾಸಿದ. ವರ್ತಕ ಮುಖಗಳನ್ನು ಬಹಳ ಹೊತ್ತು ನೋಡಿದ. “ಚೆನ್ನಾಗಿದೆ,” ಎಂದ. ಆಮೇಲೆ ಬೋರಲು ಹಾಕಿ ಕಲಸಿದ.

“ನರಸಿಂಹ ಯಾವುದು?”

ಕೇರಿಯ ಹಿರಿಯ ಪಕ್ಕದಲ್ಲಿಯೇ ತಟ್ಟೆ ಹಿಡಿದು ನಿಂತಿದ್ದ. ಚಿತ್ರಗಾರ ತಟ್ಟೆಯನ್ನು ನೋಡಿದ, ಎಲೆಗಳನ್ನು ನೋಡಿದ. ಗೊತ್ತಿಲ್ಲ ಎಂದರೆ ಕುಂಚ ಉಳಿಯುತ್ತದೆ. ಅವನು ಬರೆದ ದೇವರು ಎಲೆಯ ಆ ಬದಿಯಲ್ಲಿ ಮುಖ ಕೆಳಗೆ ಮಾಡಿ ಮಲಗಿದ್ದ.

ಅವನು ನರಸಿಂಹನ ಮೇಲೆ ಬೆರಳಿಟ್ಟ.

ವರ್ತಕ ತಿರುಗಿಸಿ ನೋಡಿದ. “ವಾಮನ?” ವಾಮನನ ಮೇಲೆ ಬೆರಳಿಟ್ಟ. “ಮತ್ಸ್ಯ?” ಅದರ ಮೇಲೂ ಇಟ್ಟ. ಹತ್ತು ಸಲ ಕೇಳಿದ. ಹತ್ತು ಸಲವೂ ಬೆರಳು ತಪ್ಪಲಿಲ್ಲ. ಆ ಕಡೆ ಕುಳಿತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ಈ ಎಲೆಗಳಲ್ಲಿ ಆಟ ನಡೆಯುವುದಿಲ್ಲಪ್ಪ. ಇವತ್ತು ನಿನಗೆ ಗೊತ್ತಾದದ್ದು ಒಂದು ತಿಂಗಳಿಗೆ ಆಡುವವನಿಗೂ ಗೊತ್ತಾಗುತ್ತದೆ,” ಎಂದ ವರ್ತಕ.

“ಹೌದು ಯಜಮಾನರೇ,” ಎಂದು ಚಿತ್ರಗಾರ ಸೊಂಟದಿಂದ ಕುಂಚವನ್ನು ತೆಗೆದು ತಟ್ಟೆಯಲ್ಲಿಟ್ಟ. ಎಲೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡ.

“ನಿಲ್ಲು,” ಎಂದ ವರ್ತಕ. “ಸಂಜೆಯ ದೀಪ ಹಚ್ಚುವವರೆಗೆ ನಾನು ಇಲ್ಲಿಯೇ ಇರುತ್ತೇನೆ. ಒಂದೇ ಕಟ್ಟಿನಿಂದ ಹತ್ತು ಎಲೆ ತೆಗೆದುಕೊಂಡು ಬಾ. ಆರಿಸಬೇಡ, ಕೈಗೆ ಸಿಕ್ಕಿದ್ದನ್ನು ತಾ.”

“ಅವನ ಸರದಿ ಮುಗಿಯಿತಲ್ಲ ಯಜಮಾನರೇ,” ಎಂದ ಹಿರಿಯ.

“ಅವನ ಸರದಿ ಮುಗಿಯಿತು. ನನ್ನ ದಿನ ಇನ್ನೂ ಮುಗಿದಿಲ್ಲ.”

ಚಿತ್ರಗಾರ ಮನೆಗೆ ಓಡಿದ. ಹೆಂಡತಿ ಏನಾಯಿತೆಂದು ಕೇಳಿದರೂ ಉತ್ತರಿಸಲಿಲ್ಲ. ಒಂದು ಕಟ್ಟಿಗೆ ಕೈ ಹಾಕಿ ಹತ್ತು ಎಲೆ ಹಿಡಿದು ಬಂದ. ಅವುಗಳಲ್ಲಿ ರಾಜನಿರಲಿಲ್ಲ. ಎರಡು ಮೀನು ಬರೆದದ್ದೊಂದು, ಏಳು ಕೊಡ ಬರೆದದ್ದೊಂದು, ಐದು ಕೊಡಲಿ ಬರೆದದ್ದೊಂದು, ಇಂಥವೇ ಸಣ್ಣ ಎಲೆಗಳು. ವರ್ತಕ ಅವುಗಳನ್ನು ಬೋರಲು ಹಾಕಿ ಕಲಸಿದ.

“ಏಳು ಕೊಡದ ಎಲೆ ಯಾವುದು?”

ಚಿತ್ರಗಾರ ಬಗ್ಗಿ ನೋಡಿದ. ಬೆರಳಿನಿಂದ ಅಂಚು ಸವರಿದ. ಹತ್ತೂ ಎಲೆಗಳನ್ನು ಒಂದೊಂದಾಗಿ ಮುಟ್ಟಿದ.

“ಗೊತ್ತಿಲ್ಲ ಯಜಮಾನರೇ,” ಎಂದ. ಅವನ ಕಣ್ಣಿನಲ್ಲಿ ನೀರು ತುಂಬಿತ್ತು.

ವರ್ತಕ ಆ ಕಡೆ ಕುಳಿತಿದ್ದವರತ್ತ ತಿರುಗಿದ. “ಬೆಳಗಿನಿಂದ ಗೊತ್ತಿಲ್ಲ ಎಂದವರು ಇಷ್ಟು ಮಂದಿ. ಯಾರ ಮಾತು ನಿಜವೋ ನನ್ನ ಕಣ್ಣಿಗೆ ಕಾಣುವುದಿಲ್ಲ. ಇವನು ಮಾತ್ರ ತನಗೆ ಗೊತ್ತಿದ್ದಾಗ ಗೊತ್ತು ಎಂದ. ಆದ್ದರಿಂದ ಇವನು ಗೊತ್ತಿಲ್ಲ ಎಂದರೆ ನಾನು ನಂಬಬಹುದು. ಇಂಥ ನಲವತ್ತು ಕಟ್ಟು ನನಗೆ ಬೇಕು.”

ಹಿರಿಯ ತಟ್ಟೆಯಲ್ಲಿದ್ದ ಕುಂಚವನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ಚಿತ್ರಗಾರನ ಕೈಗೆ ಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು. ಮೇಖಲಾ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದಳು.

“ಹಾಗಾದರೆ ಎಂಟು ವರ್ಷದಿಂದ ಹೆಕ್ಕಿದ್ದು ಬೇಡ. ಒಂದೇ ಆಟಕ್ಕೆ ಬರೆದ ಹತ್ತು ಚಿತ್ರ ಒಯ್ಯುತ್ತೇನೆ. ಅಷ್ಟು ಸಾಕೇ ಗುರುಗಳೇ?”

ಗುರುಗಳು ಅವಳನ್ನು ಮಗಳನ್ನು ನೋಡುವಂತೆ ನೋಡಿದರು.

“ಯಾವುದನ್ನಾದರೂ ಒಯ್ಯಿ ತಾಯಿ, ಇದರಲ್ಲಿ ನಿನ್ನ ಕೈ ಸೋತದ್ದು ಎಲ್ಲಿ ಎಂದು ಅವರು ಕೇಳಿದಾಗ ನಿನ್ನ ಬೆರಳು ಎಲ್ಲಿಗೆ ಹೋಗುತ್ತದೆ?”

ಮೇಖಲಾ ಲೆಕ್ಕಕ್ಕೆ ಮಡಿಸಿದ್ದ ಬೆರಳುಗಳನ್ನು ಬಿಚ್ಚಿ, ತೋರುಬೆರಳನ್ನೇ ನೋಡುತ್ತ ಕುಳಿತಳು.

ಇದನ್ನು ಕೇಳಿದವರಿಗೂ, ಓದಿದವರಿಗೂ, ಓದಿ ಇನ್ನೊಬ್ಬರಿಗೆ ಹೇಳಿದವರಿಗೂ ಹರಿಯು ಕೈತುಂಬ ಕೆಲಸವನ್ನೂ, ನಿಜ ಹೇಳಿ ಸೋತ ದಿನವೂ ಕಣ್ತುಂಬ ನಿದ್ದೆಯನ್ನೂ ಕೊಟ್ಟು ಕಾಪಾಡಲಿ.